ಎರಡೂ ಅಂಕಲಿ ಗೊತ್ತಿದ್ದ ಮಾವಶಿ

ಹೋದ ತಿಂಗಳು ನಮ್ಮ ಸಂಚಾರಿ ಪಶುಚಿಕಿತ್ಸಾ ವಾಹನದ ಚಾಲಕಿ ಕೆಲಸದಿಂದ ಬಿಡುಗಡೆಯಾದರು. ಚಿಕ್ಕೋಡಿಯ ಆಸ್ಪತ್ರೆಯ ಅಂಗಳದಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಎಂದು ಮೈಕು ಕೈಗಿತ್ತರೆ, ಅವರು ಮೈಕನ್ನು ಮೇಜಿನ ಮೇಲೆ ಮಲಗಿಸಿ ಕೇಳಿದರು:

"ಹೊಸಾ ಡ್ರೈವರ್ ಯಾರ್ರಿ? ಗಾಡಿ ಎರಡನೇ ಗೇರಿಗೆ ಹಟಾ ಮಾಡತೈತಿ. ಜೋರ್ ಮಾಡಬ್ಯಾಡ, ರಮಿಸಿ ಹಾಕು."

ಅಷ್ಟು ಹೇಳಿ ಕುಳಿತುಬಿಟ್ಟರು. ಅದೇ ಅವರ ಭಾಷಣ.

ಆ ಗಾಡಿಯ ವೈದ್ಯ ನಾನು. ಗದಗದ ಕಡೆಯವನು. ಆರು ವರ್ಷ ಅವರ ಪಕ್ಕದ ಸೀಟಿನಲ್ಲಿ ಕುಳಿತು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ತಿರುಗಿದ್ದೇನೆ. ಊರವರೆಲ್ಲ ಅವರನ್ನು ಮಾವಶಿ ಅನ್ನುತ್ತಿದ್ದರು. ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ. ಎಂಬತ್ತರ ಮುದುಕರೂ ಹಾಗೇ ಕರೆಯುತ್ತಿದ್ದರು. "ನಿಮ್ಮ ಬಗ್ಗೆ ಬರೀತೀನ್ರಿ" ಎಂದಾಗ, "ಬರೀರಿ. ಹೆಸರು ಬ್ಯಾಡ. ಹೆಸರು ಆಧಾರ್ ಕಾರ್ಡಿನ್ಯಾಗ ಐತಿ, ಅಷ್ಟ ಸಾಕು" ಎಂದರು. ಆ ಮಾತಿಗೆ ಬದ್ಧನಾಗಿ ಬರೆಯುತ್ತಿದ್ದೇನೆ.

ದುಂಡಗಿನ ಗಟ್ಟಿ ಶರೀರ. ಸೀರೆಯ ಮೇಲೆ ಖಾಕಿ ಅಂಗಿ. ಸ್ಟಿಯರಿಂಗಿನ ಮುಂದೆ ಹೆಬ್ಬೆರಳಷ್ಟು ಎತ್ತರದ ಒಂದು ಬುದ್ಧ. ಹದಿನಾರನೆಯ ವಯಸ್ಸಿಗೆ ಅಪ್ಪನಿಂದ ಟ್ರ್ಯಾಕ್ಟರ್ ಕಲಿತು, ಮದುವೆಯಾದ ಮೇಲೂ ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಟ್ರ್ಯಾಕ್ಟರ್ ಹೊಡೆದವರು. ನಡುವೆ ಒಂದಿಷ್ಟು ವರ್ಷ ಶಾಲೆಯ ವ್ಯಾನು. ಗಂಡ ಚಿಕ್ಕೋಡಿಯಲ್ಲಿ ಟೇಲರ್. ಸೈಕಲ್ಲಿಗಿಂತ ದೊಡ್ಡ ಗಾಡಿಯನ್ನು ಮುಟ್ಟಿದವರಲ್ಲ. ಮೊದಲ ದಿನ ನಾನು ಅನುಮಾನದಿಂದ, "ಈ ಗಾಡಿ ನಡಸಾಕ ಆಗತೈತ್ರಿ?" ಎಂದು ಕೇಳಿದ್ದೆ.

"ಕಬ್ಬು ತುಂಬಿದ ಎರಡು ಟ್ರಾಲಿ ಹಿಂದಕ್ಕ ಸರಿಸಿದಾಕಿ ನಾನು. ಈ ಡಬ್ಬಿ ಏನ್ ಮಹಾ ಬಿಡ್ರಿ" ಎಂದರು.

ಅನುಮಾನ ಪಡಬೇಕಾದದ್ದು ಅವರ ಬಗ್ಗೆ ಆಗಿರಲಿಲ್ಲ ಎಂಬುದು ಆ ತಿಂಗಳಲ್ಲೇ ಗೊತ್ತಾಯಿತು. ಗಾಡಿಯನ್ನು ನಡೆಸುವ ಗುತ್ತಿಗೆ ಏಜೆನ್ಸಿಯವರು ಮುಂಗಡೆ ಒಂದು ಟ್ಯಾಬ್ಲೆಟ್ ಕೂರಿಸಿದ್ದರು. ಊರಿನ ಹೆಸರು ಹಾಕಿದರೆ ದಾರಿ ಹೇಳುತ್ತಿತ್ತು. ನಾವು ಕಾಗವಾಡದಲ್ಲಿದ್ದಾಗ ಅಂಕಲಿಯಿಂದ ಕರೆ ಬಂತು: ಆಕಳ ಹೊಟ್ಟೆ ಉಬ್ಬಿದೆ, ಬೇಗ ಬನ್ನಿ. ನಾನು ಟ್ಯಾಬ್ಲೆಟ್ಟಿನಲ್ಲಿ ಅಂಕಲಿ ಎಂದು ಒತ್ತಿದೆ. ಅದು ಒಂದು ಕಡೆ ತೋರಿಸಿತು. ಮಾವಶಿ, "ಅಂಕಲಿ ಈ ಕಡಿ ಅಲ್ರಿ ಡಾಕ್ಟ್ರ" ಎಂದರು.

"ಅದಕ್ಕ ಹತ್ತಿರದ ದಾರಿ ಗೊತ್ತಿರತೈತ್ರಿ. ನಡೀರಿ" ಎಂದೆ ನಾನು, ಓದಿದವನ ಠೀವಿಯಲ್ಲಿ.

ಮುಕ್ಕಾಲು ತಾಸಿನ ನಂತರ ಟ್ಯಾಬ್ಲೆಟ್ಟು, ನೀವು ತಲುಪಿದ್ದೀರಿ ಎಂದಿತು. ತಲುಪಿದ್ದೆವು ನಿಜ. ಆದರೆ ಅದು ಸಾಂಗ್ಲಿಯ ಹತ್ತಿರದ, ಮಹಾರಾಷ್ಟ್ರದ ಅಂಕಲಿ! ಹೆಸರೂ ಅದೇ, ಪಕ್ಕದಲ್ಲಿ ಹರಿಯುವ ಕೃಷ್ಣೆಯೂ ಅದೇ. ನಮ್ಮ ಚಿಕ್ಕೋಡಿ ತಾಲೂಕಿನ ಅಂಕಲಿ ಹಿಂದೆಲ್ಲೋ ಉಳಿದಿತ್ತು. ಗಾಡಿ ತಿರುಗಿಸಿ ಓಡಿದೆವು. ಹೋಗುವಷ್ಟರಲ್ಲಿ ಆಕಳು ಸತ್ತಿತ್ತು. ಒಡೆಯ ನಮ್ಮನ್ನು ಬೈಯಲಿಲ್ಲ. ಹಗ್ಗವನ್ನು ಬಿಚ್ಚಿ ಸುತ್ತುತ್ತ, "ಬಂದ್ರಲ್ಲ, ಕುಂಡರ್ರಿ, ಚಹಾ ಕುಡೀರಿ" ಎಂದ.

ಮರಳುವಾಗ ನಾನೇ ಕೇಳಿದೆ, "ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಾಗಿತ್ತಲ್ರಿ?"

"ಹೇಳಿದ್ನೆಲ್ರಿ. ನೀವು ಅದರ ಮಾತು ಕೇಳಿದ್ರಿ." ಮುಂದಿನ ತಿರುವು ದಾಟಿಸಿ ಅಂದರು, "ತಪ್ಪು ನಂದೂ ಐತಿ. ಸ್ಟೇರಿಂಗ ನನ್ನ ಕೈಯಾಗ ಇತ್ತು. ಇದಕ್ಕೊಂದು ಬಂದೋಬಸ್ತ್ ಮಾಡಬೇಕು."

ಮಾವಶಿಯ ಬಂದೋಬಸ್ತು ಅಂದರೆ ಪರೀಕ್ಷೆ. ಎತ್ತು ಕೊಳ್ಳುವವರು ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುವ ಹಾಗೆ. ಆಸ್ಪತ್ರೆಯ ಕಪಾಟಿನಲ್ಲಿ ಹಿಂದೊಮ್ಮೆ ಯಾವುದೋ ಸರ್ವೆಗೆ ತಂದ, ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಧೂಳು ತಿನ್ನುತ್ತ ಬಿದ್ದಿತ್ತು. ಅದಕ್ಕೆ ಹೊಸ ಸೆಲ್ಲು ಹಾಕಿಸಿದರು. ತಮ್ಮ ಮನೆಯಲ್ಲಿದ್ದ, ಕ್ಯಾಮೆರಾ ಒಡೆದ ಹಳೆಯ ಫೋನೊಂದನ್ನು ತಂದು, ನೆಟ್‌ವರ್ಕ್ ಇಲ್ಲದೆಯೂ ನಡೆಯುವ ನಕಾಶೆಯ ತಂತ್ರಾಂಶವನ್ನು ಹಾಕಿಕೊಡಿ ಎಂದು ನನ್ನ ಬೆನ್ನು ಹತ್ತಿದರು. ಅದರಲ್ಲಿ ನಕಾಶೆಯನ್ನು ಮೊದಲೇ ಇಳಿಸಿಕೊಂಡು ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಳ್ಳಬೇಕು, ಸಿಮ್ ಬೇಕಾಗಿಲ್ಲ. ಆಮೇಲೆ ಮೂರನ್ನೂ, ಅಂದರೆ ಟ್ಯಾಬ್ಲೆಟ್ಟು, ಯಂತ್ರ, ಹಳೆಯ ಫೋನು, ಸಾಲಾಗಿ ಬುದ್ಧನ ಪಕ್ಕ ಇಟ್ಟು, ಒಂದು ತಿಂಗಳು ಹೋದಲ್ಲೆಲ್ಲ ಮೂರನ್ನೂ ಕೇಳಿದರು.

ಟ್ಯಾಬ್ಲೆಟ್ಟು ಊರ ಹೆಸರುಗಳನ್ನು ಕೆಡಿಸುತ್ತಿತ್ತು. ಎಲ್ಲವ್ವನ ಗುಡಿಯಿರುವ ಕೊಕಟನೂರನ್ನು ಅದು ಕೋಕಾಟ್ನರ್ ಅನ್ನುವುದನ್ನು ಕೇಳಿ ಮಾವಶಿ, "ಎಲ್ಲವ್ವ ಕೇಳಿದ್ರ ಸಿಟ್ಟಾಗ್ತಾಳ" ಎಂದು ನಕ್ಕಿದ್ದರು. ಯಂತ್ರಕ್ಕೆ ಟವರಿನ ಹಂಗಿರಲಿಲ್ಲ, ನಾವು ನಿಂತ ಜಾಗವನ್ನು ಗಜ ತಪ್ಪದೆ ಹೇಳುತ್ತಿತ್ತು. ಆದರೆ ಅದರ ಪರದೆ ಬೆಂಕಿಪೆಟ್ಟಿಗೆಯಷ್ಟು, ಹೊಟ್ಟೆಯಲ್ಲಿ ನಾಲ್ಕು ಹೆದ್ದಾರಿ ಹಿಡಿಸುವಷ್ಟೇ ಜಾಗ.

ತೀರ್ಮಾನವಾದದ್ದು ರಾಯಬಾಗದ ಆಚೆ ಒಂದು ತೋಟದ ವಸತಿಯ ಹತ್ತಿರ. ಟ್ಯಾಬ್ಲೆಟ್ಟು ನೇರ ಹೋಗಿ ಎಂದಿತು. ನೇರ ಒಂದು ಕಟ್ಟೆಯಿಲ್ಲದ ಬಾವಿ ಇತ್ತು. ಹಳೆಯ ಫೋನಿನಲ್ಲಿ ದಾರಿ ಬಾವಿಗಿಂತ ಬಹಳ ಮುಂಚೆಯೇ ನಿಂತು, ಮುಂದೆಲ್ಲ ಬರೀ ಬಿಳಿ.

"ಇದ ಬರೋಬ್ಬರಿ ಐತಿ" ಎಂದರು ಮಾವಶಿ, ಫೋನನ್ನು ತೋರಿಸಿ.

"ಅದರಾಗ ಏನೂ ಇಲ್ಲಲ್ರಿ?"

"ಅದಕ್ಕ ಅಂತೀನಿ. ತನಗ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬಿಳೇದ ಬಿಟ್ಟೈತಿ ನೋಡ್ರಿ. ಸುಳ್ಳ ಹೇಳಂಗಿಲ್ಲ. ಬಿಳೇದನ್ನ ನಾ ತುಂಬತೀನಿ."

ನಕಾಶೆಯನ್ನು ಎಲ್ಲಿ ಇಡುವುದು ಎಂಬುದು ಇನ್ನೊಂದು ಕಥೆ. ಸಂತೆಯಲ್ಲಿ ಕೊಂಡ ಮೊದಲ ಮೆಮೊರಿ ಕಾರ್ಡು ಮೋಸದ್ದು. ಮೇಲೆ ಬರೆದಷ್ಟು ಜಾಗ ಒಳಗೆ ಇರಲಿಲ್ಲ; ಅರ್ಧ ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು. ಆಮೇಲೆ ಒಳ್ಳೆಯ ಕಾರ್ಡು ಎರಡು ತಂದರು. ಒಂದು ಫೋನಿನಲ್ಲಿ, ಅದರ ನಕಲು ಇನ್ನೊಂದು ಎಲೆ ಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯಿಂದ ದೂರ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಪ್ರತಿ ರವಿವಾರ ನಾನು ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿ ಕೊಡಬೇಕು. ಮರೆತರೆ ಸೋಮವಾರ ಗಾಡಿ ಹೊರಡುತ್ತಿರಲಿಲ್ಲ.

ನಾನು ಮೊದಲು ಕರ್ನಾಟಕದ ನಕಾಶೆಯನ್ನಷ್ಟೇ ಇಳಿಸಿಕೊಟ್ಟಿದ್ದೆ. ನಿಪ್ಪಾಣಿಯ ಆಚೆ ಗಡಿ ದಾಟಿದ ಕೂಡಲೇ ಪರದೆಯ ಮೇಲೆ ರಸ್ತೆ, ಊರು, ಹೊಳೆ ಎಲ್ಲ ಒಮ್ಮೆಲೇ ಮಾಯ. ನಮ್ಮ ಗಾಡಿಯ ಚುಕ್ಕೆ ಹಿಟ್ಟಿನ ಡಬ್ಬಿಯಲ್ಲಿ ಬಿದ್ದ ಇರುವೆಯ ಹಾಗೆ ಒದ್ದಾಡುತ್ತಿತ್ತು. ಇಲ್ಲಿಯ ರಸ್ತೆಗಳು ಒಂದು ರಾಜ್ಯದಲ್ಲಿ ಹೊರಟು ಇನ್ನೊಂದರಲ್ಲಿ ಹಾದು ಮತ್ತೆ ಮೊದಲಿನದಕ್ಕೆ ಬರುತ್ತವೆ.

"ಮಹಾರಾಷ್ಟ್ರದ್ದೂ ಹಾಕ್ರಿ."

"ಜಾಗಾ ಇಲ್ರಿ ಮಾವಶಿ. ಕಾರ್ಡಿನ್ಯಾಗ ನೀವು ಹಾಕಿಸಿದ ಮಗಳ ಮದುವಿ ವಿಡಿಯೋ ತುಂಬೈತಿ."

ಅವರು ಫೋನನ್ನು ತೆಗೆದುಕೊಂಡು, ಸ್ವಲ್ಪ ಹೊತ್ತು ಆ ವಿಡಿಯೋವನ್ನು ನೋಡಿದರು. ಅಕ್ಷತೆ ಬೀಳುವಲ್ಲಿಗೆ ಬಂದಾಗ ನಿಲ್ಲಿಸಿ ನನ್ನ ಕೈಗೆ ಕೊಟ್ಟರು. "ಅಳಿಸ್ರಿ. ಆಕಿ ಮನ್ಯಾಗ ಒಂದು ಐತಿ. ಮಗಳಂತೂ ಸುಖದಿಂದ ಅದಾಳ, ವಿಡಿಯೋ ಇಟ್ಕೊಂಡು ಏನ್ ಮಾಡ್ಲಿ?"

ಅಂದಿನಿಂದ ಅವರು ಬಿಳಿಯನ್ನು ತುಂಬತೊಡಗಿದರು. ನಾವು ಹೋದ ದಾರಿಯನ್ನೆಲ್ಲ ಫೋನು ಗೆರೆಯಾಗಿ ಉಳಿಸಿಕೊಳ್ಳುತ್ತಿತ್ತು. ಗೆರೆಗೆ ಬಣ್ಣ ಕೊಡುವವರು ಮಾವಶಿ. ಮುರುಮು, ಅಂದರೆ ಗಟ್ಟಿ ಗರಸು ಹಾಕಿದ ದಾರಿ ಹಳದಿ. ಮಳೆ ಬಿದ್ದರೆ ಗಾಲಿ ನುಂಗುವ ಎರೆಮಣ್ಣಿನ ದಾರಿ ಕೆಂಪು. ಹೊಳೆ ಬಂದಾಗ ಮುಳುಗುವ ಬ್ಯಾರೇಜು, ಸೇತುವೆಗಳು ನೀಲಿ. ಎಲ್ಲಿ ಕಾಲುವೆ ಸೇತುವೆ ಸಣ್ಣದು, ಎಲ್ಲಿ ಕನ್ನಡಿ ಮಡಚಬೇಕು, ಯಾವ ವಸತಿಯಲ್ಲಿ ನಾಯಿ ಕಚ್ಚುತ್ತದೆ, ಎಲ್ಲ ಕನ್ನಡದಲ್ಲೋ ಮರಾಠಿಯಲ್ಲೋ ಎರಡೆರಡು ಶಬ್ದ. ಕುಡಿಯಲು ನೀರು ಕೊಟ್ಟ ಮನೆಗೆ ಒಂದು ಹನಿಯ ಗುರುತು. ಅಂಥ ಹನಿಗಳು ನೂರಾರು ಇದ್ದವು. ನಾವು ಹತ್ತಾರು ಸಲ ಹೋದ ಕೆಲವು ದೊಡ್ಡ ಮನೆಗಳ ಮೇಲೆ ಮಾತ್ರ ಆ ಹನಿ ಇರಲಿಲ್ಲ. ಆ ಮನೆಗಳ ದನಗಳಿಗೂ ಅವರು ಅಷ್ಟೇ ಜೋರಾಗಿ ಗಾಡಿ ಓಡಿಸುತ್ತಿದ್ದರು.

ಬೇಸಿಗೆಯಲ್ಲಿ ಫೋನು ಕಾದು ಆರಿಹೋಗುತ್ತಿತ್ತು. ಒಂದು ದಿನ ನೋಡಿದರೆ ಅದನ್ನು ಲಸಿಕೆಯ ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ! ನಾನು ಕೂಗಾಡಿದೆ. "ಅದಕ್ಕೂ ಜ್ವರ ಬಂದಿತ್ರಿ" ಎಂದರು, ಎಳ್ಳಷ್ಟೂ ಅಳುಕದೆ. ಮರುದಿನ ಗಂಡನಿಂದ ಹೊಲಿಸಿದ ಬಿಳಿಯ ಬಟ್ಟೆಯ ಚೀಲವೊಂದು ಬಂತು. ಒದ್ದೆ ಮಾಡಿ ಗಾಳಿಗೆ ಕಟ್ಟಿ, ಫೋನನ್ನು ಅದರ ನೆರಳಿನಲ್ಲಿ ನಿಲ್ಲಿಸಿದರು. ಮತ್ತೆ ಆರಲಿಲ್ಲ.

ಇದೆಲ್ಲ ಏಜೆನ್ಸಿಯ ಮೇಲ್ವಿಚಾರಕನಿಗೆ ಸರಿಬರಲಿಲ್ಲ. ಬೇರೆ ಊರಿನಿಂದ ಬಂದ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಒಂದು ಸಭೆಯಲ್ಲಿ ಎಲ್ಲ ಚಾಲಕರ ಮುಂದೆಯೇ ಅಂದ, "ಕಂಪನಿ ಕೊಟ್ಟ ಸಾಧನ ಬಿಟ್ಟು ಮನೆಯ ಫೋನು ನೋಡಿಕೊಂಡು ಗಾಡಿ ಓಡಿಸುವ ಹಾಗಿಲ್ಲ. ಡ್ರೈವರ್ ಕೆಲಸ ಡ್ರೈವ್ ಮಾಡುವುದು. ನಕಾಶೆ ಮಾಡುವುದಲ್ಲ. ಇನ್ನೊಮ್ಮೆ ಕಂಡರೆ ಕೆಲಸ ಇರುವುದಿಲ್ಲ."

ಮಾವಶಿ ತಲೆ ಬಗ್ಗಿಸಿ ಕೇಳಿಸಿಕೊಂಡರು. ಹೊರಗೆ ಬಂದು, "ನೋಡಬ್ಯಾಡ ಅಂದಾರ. ಇಟ್ಕೊಬ್ಯಾಡ ಅಂದಿಲ್ಲಲ್ರಿ?" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. "ಇನ್ನ ಮ್ಯಾಲ ನೀವು ನೋಡ್ರಿ, ನಾ ನಡಸ್ತೀನಿ."

ಆ ಮಳೆಗಾಲದಲ್ಲಿ ಕೃಷ್ಣೆ ತುಂಬಿ ಬಂದಳು. ಒಂದು ಬೆಳಿಗ್ಗೆ ನಾವು ಕುಡಚಿಯಲ್ಲಿದ್ದೆವು. ನನ್ನ ಸಹಾಯಕ ಹೊಳೆಯ ಆಚೆ ಸಿಕ್ಕಿಕೊಂಡಿದ್ದ. ನಾನು, ಮಾವಶಿ ಇಬ್ಬರೇ. ಹೊಳೆಯಾಚೆ ಕಾಗವಾಡ ತಾಲೂಕಿನ ತೋಟದ ವಸತಿಯೊಂದರಿಂದ ಹೆಂಗಸೊಬ್ಬಳ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ದ್ರಾಕ್ಷಿ ತೋಟದ ಕೂಲಿಗಳು. ಮನೆಗೆ ಇರುವುದು ಒಂದೇ ಎಮ್ಮೆ, ಚೊಚ್ಚಲ ಬಸಿರು.

"ಸಾಹೇಬ್ರ, ನಸುಕಿನಿಂದ ಬ್ಯಾನಿ ತಿನ್ನಾಕತೈತ್ರಿ. ನೀರಿನ ಚೀಲಾ ಸುದ್ದಾ ಕಾಣವಲ್ದು. ಬಿದ್ದು ಬಿದ್ದು ಏಳಾಕತೈತಿ."

ನನಗೆ ಕೂಡಲೇ ಗೊತ್ತಾಯಿತು. ಎಮ್ಮೆಗಳಲ್ಲಿ ಹೀಗಾಗುತ್ತದೆ: ಗರ್ಭಕೋಶ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಬಾಯಿ ಮುಚ್ಚಿಬಿಡುತ್ತದೆ. ಹೊತ್ತು ಕಳೆದರೆ ಕರುವೂ ಹೋಗುತ್ತದೆ, ತಾಯಿಯೂ ಹೋಗುತ್ತದೆ. ಊರು ಯಾವುದೆಂದು ಹೇಳಿದ್ದಳು, ಮನೆಯ ಗುರುತು ಹೇಳಿ ಅಂದೆ. "ಕಾಲುವಿ ದಂಡಿ, ಎರಡು ಬೇವಿನ ಗಿಡ..." ಅಷ್ಟಕ್ಕೆ ಕರೆ ಕಡಿಯಿತು. ಟವರು ಹೋಗಿತ್ತು.

ಮನೆ ನೆಟ್ಟಗೆ ಹೋದರೆ ಏಳೆಂಟು ಕಿಲೋಮೀಟರು. ಆದರೆ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಪೊಲೀಸರು ಅಡ್ಡ ನಿಂತಿದ್ದರು. ಟ್ಯಾಬ್ಲೆಟ್ಟಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು. ಮೇಲ್ವಿಚಾರಕನ ಹಿಂದಿನ ದಿನದ ಆದೇಶವೂ ಇತ್ತು: ಹೊಳೆ ಇಳಿಯುವವರೆಗೆ ಗಾಡಿ ರಾಯಬಾಗ ತಾಲೂಕಿನಲ್ಲೇ ಇರಬೇಕು.

"ಏನ್ ಮಾಡೂಣ್ರಿ? ಒಂದು ಮಾತು ಕೇಳಬೇಕು ಅಂದ್ರೂ ಫೋನ್ ಹತ್ತಂಗಿಲ್ಲ" ಎಂದೆ.

ಮಾವಶಿ ಆಗಲೇ ಗಾಡಿ ತಿರುಗಿಸುತ್ತಿದ್ದರು. "ಕೇಳಾಕ ಟವರ್ ಇಲ್ಲ. ಹೋಗಾಕ ದಾರಿ ಐತಿ. ಹಳೇ ಫೋನ್ ತಗೀರಿ."

ರಾಯಬಾಗದ ಕಡೆ ಹಿಂದೆ ಬಂದು, ಅಂಕಲಿ ಹಿಡಿದು, ಅದರಾಚೆಯ ಎತ್ತರದ ಸೇತುವೆಯ ಮೇಲೆ ಹೊಳೆ ದಾಟಿ ಕಾಗವಾಡಕ್ಕೆ. ಏಳೆಂಟು ಕಿಲೋಮೀಟರಿನ ಮನೆಗೆ ಎಪ್ಪತ್ತಕ್ಕೂ ಮಿಕ್ಕಿದ ಸುತ್ತು. ಸೇತುವೆಯ ಮೇಲೆ ಹೋಗುವಾಗ ಕೆಳಗೆ ನೋಡಿದೆ. ಹೊಳೆಗೆ ದಂಡೆಯೇ ಇರಲಿಲ್ಲ. ಕಾಗವಾಡ ದಾಟಿದ ಮೇಲೆ ಎದುರಿನಿಂದ ಜೀಪುಗಳು ಮರಳಿ ಬರುತ್ತಿದ್ದವು. "ಮುಂದ ಹಳ್ಳಾ ರಸ್ತಾದ ಮ್ಯಾಲ ಬಂದೈತಿ, ಹೊಳ್ಳ್ರಿ" ಎಂದು ಕೈಯಾಡಿಸಿದರು.

ಮಾವಶಿ ಗಾಡಿ ನಿಲ್ಲಿಸಿದರು. "ಏನೇನ್ ಅದಾವ ಹೇಳ್ರಿ."

ನಾನು ಫೋನು ನೋಡಿ ಹೇಳಿದೆ. "ಎಡಕ್ಕ ಒಂದು ನೀಲಿ."

"ಮುಳುಗಿರತೈತಿ. ಬಿಡ್ರಿ."

"ನಡುವ ಒಂದು ಕೆಂಪು."

"ಎರಿ. ಗಾಡಿ ಹುಗೀತೈತಿ."

"ಬಲಕ್ಕ ಏತ ನೀರಾವರಿ ಕಾಲುವಿ ದಂಡಿ ಮ್ಯಾಲ ಒಂದು ಹಳದಿ. ಕನ್ನಡಿ ಮಡಚು ಅಂತ ಬರದೀರಿ."

ಅವರ ಮುಖ ಅರಳಿತು. "ಹಾಂ! ಕುರಿ ಲಸಿಕಿಗೆ ಹೋಗಿದ್ವಿ ನೋಡ್ರಿ. ನೀವು ಮಲಗಿದ್ರಿ."

ಎರಡೂ ಕಡೆಯ ಕಬ್ಬು ಬಾಗಿ ಗಾಜಿಗೆ ಬಡಿಯುತ್ತಿತ್ತು. ಪರದೆಯ ಮೇಲೆ ನಮ್ಮ ಚುಕ್ಕೆ ಹಳದಿ ಗೆರೆಯ ಮೇಲೆ ಒಂದು ಕೂದಲೂ ಸರಿಯದೆ ಹೋಗುತ್ತಿತ್ತು. ಕಾಲುವೆಯ ಸಣ್ಣ ಸೇತುವೆ ಬಂದಾಗ ನಾನು ಇಳಿದು, ಎರಡೂ ಕನ್ನಡಿ ಮಡಚಿ, ಮುಂದೆ ನಿಂತು ಕೈ ಮಾಡಿದೆ. ಒಂದೊಂದು ಕಡೆ ನಾಲ್ಕು ಬೆರಳಿನ ಜಾಗ. ಕೆಳಗೆ ನೀರು ಗುಡುಗುತ್ತಿತ್ತು. ಮಾವಶಿ ನನ್ನ ಕೈಯನ್ನು ನೋಡುತ್ತ, ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ಗಾಡಿಯನ್ನು ದಾಟಿಸಿದರು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಹಳದಿಯೂ ಮುಗಿಯಿತು. ಮುಂದೆ ಬಿಳಿ. ಸುತ್ತ ಆಳೆತ್ತರದ ಕಬ್ಬು. ಬೇವಿನ ಗಿಡ ಕಾಣುವುದಿಲ್ಲ, ಮನೆ ಕಾಣುವುದಿಲ್ಲ. ಮಾವಶಿ ಹಾರ್ನಿನ ಮೇಲೆ ಅಂಗೈ ಇಟ್ಟು ಮೂರು ಸಲ ಉದ್ದಕ್ಕೆ ಒತ್ತಿ, ಇಂಜಿನ್ ಆರಿಸಿ ಕಿವಿಗೊಟ್ಟರು. ಕಬ್ಬಿನ ಆಚೆಯಿಂದ ಗಂಡಸಿನ ಕೂಗು ಬಂತು: "ಇಲ್ಲೇ! ಇಲ್ಲೇ ಬರ್ರಿ!"

ಎಮ್ಮೆ ಕತ್ತು ಚಾಚಿ ಮಲಗಿತ್ತು. ಕೈ ಹಾಕಿ ನೋಡಿದೆ. ತಿರುಚಿದ್ದು ನಿಜ. ಬೆರಳ ತುದಿಗೆ ಕರುವಿನ ಕಾಲು ಸಿಕ್ಕಿತು, ಚಿವುಟಿದೆ, ಎಳೆದುಕೊಂಡಿತು. ಜೀವ ಇತ್ತು.

ಇದಕ್ಕೆ ಇರುವ ಉಪಾಯ ಒಂದೇ. ಎಮ್ಮೆಯ ಹೊಟ್ಟೆಯ ಮೇಲೆ ಹಲಗೆ ಇಟ್ಟು, ಒಬ್ಬರು ಅದರ ಮೇಲೆ ನಿಂತು ಗರ್ಭವನ್ನು ಅಲುಗದಂತೆ ಒತ್ತಿಹಿಡಿಯಬೇಕು. ಉಳಿದವರು ಕಾಲಿನ ಹಗ್ಗ ಎಳೆದು ಎಮ್ಮೆಯನ್ನು ಹೊರಳಿಸಬೇಕು. ಆಗ ಒಳಗಿನ ತಿರುಚು ಬಿಚ್ಚಿಕೊಳ್ಳುತ್ತದೆ. ಅಕ್ಕಪಕ್ಕದ ತೋಟಗಳಿಂದ ಏಳೆಂಟು ಜನ ಬಂದರು. ಮನೆಯ ಬಾಗಿಲನ್ನೇ ಕಿತ್ತು ತಂದರು. ಮೇಲೆ ನಿಲ್ಲುವವರು ಯಾರು ಎಂದು ನಾನು ನೋಡುತ್ತಿರುವಾಗಲೇ ಮಾವಶಿ ಚಪ್ಪಲಿ ಬಿಟ್ಟು, ಸೀರೆ ಸಿಕ್ಕಿಸಿದರು. "ನನ್ನ ತೂಕಕ್ಕೂ ಒಂದು ಕೆಲಸ ಬಂತು ನೋಡ್ರಿ."

ಒಮ್ಮೆ ಹೊರಳಿಸಿದೆವು. ಕೈ ಹಾಕಿ ನೋಡಿದರೆ ಹಾಗೇ ಇದೆ. ಎರಡನೆಯ ಸಲ ಅರ್ಧ ಬಿಚ್ಚಿತ್ತು. ಮಳೆಯಲ್ಲಿ ಎಲ್ಲರೂ ಕೆಸರಾಗಿದ್ದೆವು. ಎಮ್ಮೆ ಕಣ್ಣು ಮುಚ್ಚತೊಡಗಿತ್ತು. ಒಡತಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ತಡಿಯವ್ವಾ, ತಡಿ" ಎನ್ನುತ್ತಿದ್ದಳು.

"ಇನ್ನೊಮ್ಮೆ! ಎಳೀರಿ!" ಎಂದು ಮಾವಶಿ ಮೇಲಿನಿಂದ ಗದರಿದರು.

ಮೂರನೆಯ ಸಲ ಎಮ್ಮೆ ಹೊರಳುವಾಗಲೇ ನೀರಿನ ಚೀಲ ಒಡೆದು ನನ್ನ ಎದೆಗೆ ಚಿಮ್ಮಿತು. ಆಮೇಲಿನದು ಬರೀ ಹಗ್ಗದ ಕೆಲಸ. ಕಾಲು ತಾಸಿನಲ್ಲಿ ಕರು ಕೆಸರಿಗೆ ಬಿತ್ತು. ಮೂಗು ಒರೆಸಿ, ತಲೆಕೆಳಗೆ ಹಿಡಿದು ಬೆನ್ನು ತಟ್ಟಿದೆ. ಸೀನಿತು. ಮಾವಶಿ ಬಾಲ ಎತ್ತಿ ನೋಡಿ ಕೂಗಿದರು:

"ಹೆಣ್ಣ ಐತ್ರಿ!"

ಅಲ್ಲಿದ್ದ ಗಂಡಸರೆಲ್ಲ ಹೋ ಎಂದು ಕುಣಿದರು. ಒಡತಿ ಅಳುತ್ತ ನಗುತ್ತ ಮಾವಶಿಯ ಎರಡೂ ಕೆನ್ನೆಗೆ ಕೆಸರಿನ ಕೈಯಿಂದ ದೃಷ್ಟಿ ತೆಗೆದಳು. ಅವಳು ಕೊಟ್ಟ ನೀರು ಕುಡಿದು ನಾವು ಹೊರಡುವಾಗ ಎಮ್ಮೆ ಎದ್ದು ನಿಂತು ಕರುವನ್ನು ನೆಕ್ಕುತ್ತಿತ್ತು. ಗಾಡಿಯಲ್ಲಿ ಕುಳಿತ ಮಾವಶಿ ಮೊದಲು ಫೋನನ್ನು ಇಸಿದುಕೊಂಡರು. ಹೊಸ ಗೆರೆಗೆ ಹಳದಿ ಕೊಟ್ಟು, ಎರಡು ಬೇವಿನ ಗಿಡದ ಪಕ್ಕ ಒಂದು ಹನಿಯನ್ನು ಹಾಕಿದರು. ಆಮೇಲೆಯೇ ಕೈ ತೊಳೆದದ್ದು.

ಹೊಳೆ ಇಳಿದು ವಾರವಾದ ಮೇಲೆ ಮೇಲ್ವಿಚಾರಕ ಚಿಕ್ಕೋಡಿಗೆ ಬಂದ. ಆದೇಶ ಮೀರಿದ್ದಕ್ಕೆ ಕೆಲಸದಿಂದ ತೆಗೆಯಲು ಬಂದಿದ್ದಾನೆ ಎಂದೇ ತಿಳಿದು ನಾನು ಮಾವಶಿಯ ಮುಂದೆ ಹೋಗಿ ನಿಂತೆ. ಅವನು ಕೈಯಲ್ಲಿದ್ದ ವರದಿಯನ್ನು ಬಿಡಿಸಿದ. ಹೊಳೆ ಬಂದ ದಿನಗಳಲ್ಲಿ ಉಳಿದ ನಾಲ್ಕು ಗಾಡಿಗಳು ನಿಂತಲ್ಲೇ ನಿಂತಿದ್ದವು. ಓಡಿದ್ದು ನಮ್ಮದೊಂದೇ.

"ಮಾವಶಿ" ಎಂದ. ಅವನ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. "ನಿಮ್ಮ ಕಾರ್ಡಿನ ನಕಲು ಎಲ್ಲ ಗಾಡಿಗೂ ಬೇಕು. ಕೊಡ್ತೀರಾ?"

"ಕೊಡ್ತೀನ್ರಿ. ಆದರ ಒಂದು ಕರಾರು. ಬರೇ ನೋಡಿ ನಡಿಯೂದಲ್ಲ. ಅವರವರ ಕಡಿ ಬಿಳೇದು ಅವರವರು ತುಂಬಬೇಕು. ದಾರಿ ಕೇಳವಗ ನಾಚಿಕಿ ಇರಬಾರದು, ದಾರಿ ಬರಿಯವಗ ಸುಳ್ಳ ಇರಬಾರದು."

ಮುಂದಿನ ರವಿವಾರ ಅದೇ ಅಂಗಳದಲ್ಲಿ ಐದು ತಾಲೂಕಿನ ಐದು ಗಾಡಿ ಸಾಲಾಗಿ ನಿಂತವು. ಮೀಸೆಯ ಚಾಲಕರೆಲ್ಲ ಹಳೆಯ ಫೋನು ಹಿಡಿದು ನೆಲದ ಮೇಲೆ ಕುಳಿತಿದ್ದರು. ಖಾಕಿ ಅಂಗಿಯ ಮಾವಶಿ ನಿಂತು ಪಾಠ ಹೇಳುತ್ತಿದ್ದರು. ಮೊದಲ ಪಾಠ: "ಅಂಕಲಿ ಎರಡು ಅದಾವ." ಮೇಲ್ವಿಚಾರಕ ಹಿಂದಿನ ಸಾಲಿನಲ್ಲಿ ಬರೆದುಕೊಳ್ಳುತ್ತಿದ್ದ. ಇಂದು ಆ ಐದು ತಾಲೂಕಿನ ನಕಾಶೆಯಲ್ಲಿ ಬಿಳಿ ಹುಡುಕಿದರೂ ಸಿಗುವುದು ಕಡಿಮೆ.

ನಿವೃತ್ತಿಯಾದ ವಾರದಲ್ಲೇ ಮಾವಶಿ ಹಳೆಯ ಕಾರೊಂದನ್ನು ಕೊಂಡರು. ನಲವತ್ತು ವರ್ಷ ಕಬ್ಬು, ಶಾಲೆಯ ಮಕ್ಕಳು, ದನದ ಔಷಧಿ ಹೊತ್ತು ಓಡಾಡಿದವರು ತಮ್ಮ ಖುಷಿಗೆಂದು ಒಂದು ದಿನವೂ ಗಾಡಿ ನಡೆಸಿರಲಿಲ್ಲ. ಹೋದ ಗುರುವಾರ ಮಧ್ಯಾಹ್ನ ಫೋನು ಬಂತು. ಗಾಳಿಯ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ.

"ಡಾಕ್ಟ್ರ, ನಿಪ್ಪಾಣಿ ಮ್ಯಾಲ ಹಾದು, ಘಾಟ್ ಇಳದು, ಕೊಂಕಣಕ್ಕ ಬಂದೀವ್ರಿ. ನಾನು, ನಮ್ಮ ಮನಿಯವರು. ನಕಾಶಾದಾಗ ರಸ್ತಾ ಮುಗದೈತ್ರಿ."

"ಮುಂದ ಏನೈತ್ರಿ ಮಾವಶಿ?"

"ನೀರ್ರಿ! ಬರೇ ನೀರು! ನೋಡಿದಷ್ಟೂ ಸಮುದ್ರ ಐತಿ!" ಹಿಂದಿನಿಂದ ಟೇಲರ್ ಕಾಕಾ ಏನೋ ಹೇಳಿ ಜೋರಾಗಿ ನಕ್ಕದ್ದು ಕೇಳಿಸಿತು.

"ಮತ್ತ ಈಗ ಏನ್ ಮಾಡ್ತೀರಿ?"

"ಇವರು ಪ್ಯಾಂಟ್ ಮಡಚಾಕತ್ತಾರ. ಇಬ್ಬರೂ ಇಳೀತೀವ್ರಿ" ಎಂದು ಫೋನಿಟ್ಟರು.